ಎರಿ ಹೊಲದ ಕಪ್ಪು ಬೂದಿ ಬಡದಂಗ ಆಗೈತಿ, ಬಿಳಿ ಎತ್ತು ಅಂಟಿಸಿದಂಗ ಕಾಣ್ತೈತಿ: ಆಯಿಲ್ ಪೇಂಟಿಂಗ್ ಬಲ್ಲವರು ಹೇಳ್ರಿ

ಎರಿಹೊಲ_ಗದಗ

ನಮಸ್ಕಾರ್ರಿ. ಚಿತ್ರ 24×36 ಇಂಚು, ಅಂಗಡಿಯ ರೆಡಿಮೇಡ್ ಕಾಟನ್ ಕ್ಯಾನ್ವಾಸ್. ವಿಷಯ ನವಲಗುಂದ ಕಡೆಯ ಎರಿ (ಕರಿಮಣ್ಣಿನ) ಹೊಲ: ಸಂಜಿ ಬಿಸಿಲು, ಒಂದು ಜೋಡಿ ಕಿಲಾರಿ ಎತ್ತು, ಹಿಂದ ಕುಂಟಿ (ಮಣ್ಣು ಹೆರೆಯೋ ಕುಂಟೆ) ಹೊಡಿಯೋ ರೈತ, ದೂರ ಬದುವಿನ ಮ್ಯಾಲ ಎರಡು ಜಾಲಿ ಗಿಡ. ಮೂರು ತೊಡಕು ಅದಾವ.

ಹೊಲಕ್ಕ ಐವರಿ ಬ್ಲ್ಯಾಕ್, ಅದಕ್ಕ ಸ್ವಲ್ಪ ಬರ್ನ್ಟ್ ಅಂಬರ್ (ಗಾಢ ಕಂದು). ತೆಳ್ಳಗ ಹಚ್ಚಿದಲ್ಲಿ ಒಣಗಿದ ಮ್ಯಾಲ ಹೊಳಪು ಹೋಗಿ ಬೂದಿ ಬಣ್ಣಕ್ಕ ತಿರುಗೈತಿ. ದಪ್ಪ ಹಚ್ಚಿದಲ್ಲಿ ಇನ್ನೂ ಕೈಗೆ ಅಂಟ್ತೈತಿ, ಮಳಿ ಬ್ಯಾರೆ ಹಿಡಿದೈತಿ. ದೂರ ನಿಂತು ನೋಡಿದ್ರ ಅದು ಮಣ್ಣು ಅನಸಂಗಿಲ್ಲ.

ಎತ್ತಿಗೆ ಟೈಟೇನಿಯಂ ವೈಟ್, ನೆರಳಿಗೆ ಅದರಾಗ ಕಪ್ಪು ಕಲಸಿದ ಬೂದು. ಕಾಗದ ಕತ್ತರಿಸಿ ಅಂಟಿಸಿದಂಗ ಕಾಣ್ತೈತಿ.

ಇನ್ನೊಂದು: ಎಣ್ಣಿ ಸವರಿದ್ರ ಕಪ್ಪು ತಿರುಗಿ ಬರ್ತೈತಿ ಅಂತಾರ. ಗಾಣದ ಅಗಸಿ ಎಣ್ಣಿ ನಡಿತೈತೇನ್ರಿ? ತೆಳು ಮಾಡಾಕ ಸೀಮಿಎಣ್ಣಿ?

---

ಕುಂಚ_ಸಾಧನಕೇರಿ

ಎಣ್ಣೆಯ ಮಾತು ಆಮೇಲೆ, ಮೊದಲು ಹೊಲ. ಅಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಒಂದೇ ಮದ್ದು ಎರಡಕ್ಕೂ ಆಗುವುದಿಲ್ಲ.

ಬೂದಿಯಾದ ಜಾಗದಲ್ಲಿ ಬಣ್ಣದೊಳಗಿನ ಎಣ್ಣೆ ಕೆಳಗೆ ಇಳಿದುಹೋಗಿದೆ. ರೆಡಿಮೇಡ್ ಕ್ಯಾನ್ವಾಸಿನ ಪ್ರೈಮರ್ (ಬಣ್ಣಕ್ಕೆ ಮೊದಲೇ ಬಳಿದಿರುವ ತಳಪದರ) ಸಾಮಾನ್ಯವಾಗಿ ತೆಳು, ಎಣ್ಣೆ ಹೀರುತ್ತದೆ. ಮೇಲಿಂದ ಟರ್ಪೆಂಟೈನ್ ಹೆಚ್ಚಾದರೆ ಬಣ್ಣದ ಪುಡಿಯನ್ನು ಹಿಡಿದಿಡಲು ಬೇಕಾದಷ್ಟು ಎಣ್ಣೆ ಉಳಿಯುವುದಿಲ್ಲ, ಮೇಲ್ಮೈ ಒರಟಾಗಿ ಬೆಳಕು ಚದುರುತ್ತದೆ, ಕಪ್ಪು ಬೂದಿಯಾಗಿ ಕಾಣುತ್ತದೆ. ಖಚಿತ ಮಾಡಿಕೊಳ್ಳಬೇಕಾದರೆ, ಪೂರ್ತಿ ಒಣಗಿದ ಜಾಗದಲ್ಲಿ ಮೆತ್ತನೆಯ ಬಟ್ಟೆ ಒದ್ದೆ ಮಾಡಿ ಒತ್ತಿ, ಉಜ್ಜಬೇಡಿ. ಹಸಿ ಇರುವಷ್ಟು ಹೊತ್ತು ಕಪ್ಪು ಆಳವಾಗಿ ಕಂಡು ಆರಿದ ಮೇಲೆ ಮತ್ತೆ ಬಿಳಿಚಿದರೆ ಅಲ್ಲಿ ಎಣ್ಣೆ ಇಳಿದಿದೆ ಎಂದೇ ಲೆಕ್ಕ.

ದಪ್ಪ ಹಚ್ಚಿದ ಕಡೆ ಸಮಸ್ಯೆ ದೊಡ್ಡದು. ಐವರಿ ಬ್ಲ್ಯಾಕ್ ಎಣ್ಣೆ ಜಾಸ್ತಿ ಕುಡಿಯುವ, ತಡವಾಗಿ ಒಣಗುವ ಬಣ್ಣ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ತುಂಬಾ ಬೇಗ ಒಣಗುತ್ತದೆ. ಈಗ ಆ ಅಂಟುವ ಕಪ್ಪಿನ ಮೇಲೆ ಅಂಬರ್, ಓಕರ್ (ಮಣ್ಣಿನ ಹಳದಿ) ಏನೇ ಹಚ್ಚಿದರೂ ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ, ಕೆಳಗಿನದು ಇನ್ನೂ ಸರಿಯುತ್ತಿರುತ್ತದೆ. ಬಿರುಕು ಬಿಡುವುದು ಖಂಡಿತ. ಎರಿ ಹೊಲ ಬ್ಯಾಸಿಗಿಯಲ್ಲಿ ಬಿರಿಯಬೇಕು, ಚಿತ್ರ ಬಿರಿಯಬಾರದು.

ಆದ್ದರಿಂದ ದಪ್ಪ ಇರುವಲ್ಲಿ ಕೆರೆದು ತೆಗೆಯಿರಿ. ಪ್ಯಾಲೆಟ್ ನೈಫನ್ನು ಆದಷ್ಟು ಮಲಗಿಸಿ ಹಿಡಿದು, ಕ್ಯಾನ್ವಾಸಿನ ಹಿಂದೆ ಒಂದು ದಪ್ಪ ರಟ್ಟು ಆನಿಸಿಕೊಂಡು ಕೆರೆಯಬೇಕು, ಇಲ್ಲದಿದ್ದರೆ ಬಟ್ಟೆ ಜಗ್ಗುತ್ತದೆ. ಉಳಿದ ಅಂಟನ್ನು ಟರ್ಪೆಂಟೈನ್ ತುಸು ಸೋಕಿಸಿದ ಬಟ್ಟೆಯಿಂದ ಒರೆಸಿ. ನೇಯ್ಗೆಯೊಳಗೆ ಕಂದುಗಪ್ಪು ಕಲೆ ಉಳಿಯುತ್ತದೆ, ಇರಲಿ ಬಿಡಿ, ಅದೇ ಒಳ್ಳೆಯ ಕೆಳಪದರ. ಒಂದು ವಾರ ಆರಲು ಬಿಟ್ಟು ಮುಂದುವರಿಯಿರಿ.

ಇನ್ನು ಬಣ್ಣ. ಎರಿ ಮಣ್ಣಿಗೆ ಟ್ಯೂಬಿನ ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನ್ ನೀಲಿ ಎರಡು ಪಾಲು, ಬರ್ನ್ಟ್ ಅಂಬರ್ ಒಂದು ಪಾಲು ಕಲಸಿದರೆ ತಂಪು ಕಪ್ಪು, ಅಂದರೆ ನೀಲಿಗೆ ವಾಲಿದ್ದು. ಸಮಪಾಲು ಕಲಸಿದರೆ ಕಂದಿಗೂ ನೀಲಿಗೂ ವಾಲದ ಕಪ್ಪು. ಈ ಎರಡನ್ನೂ ಪ್ಯಾಲೆಟ್ ಮೇಲೆ ಬೇರೆ ಬೇರೆ ಗುಡ್ಡೆ ಮಾಡಿಟ್ಟುಕೊಳ್ಳಿ, ಆದರೆ ನೇರ ಹಚ್ಚಬೇಡಿ. ಒಣಗಿದ ಎರಿ ಮಣ್ಣು ಕಪ್ಪಲ್ಲ, ಬೂದುಗಂದು. ಹೊಸದಾಗಿ ಮಗುಚಿದ ಹಸಿ ಹೆಂಟೆ ಮಾತ್ರ ಕಪ್ಪು. ಅಪ್ಪಟ ಕಪ್ಪನ್ನು 1, ಬಿಳಿಯನ್ನು 10 ಎಂದುಕೊಂಡರೆ ಸಂಜೆಯ ಹೊಲ ಒಟ್ಟಾರೆ 3ರಿಂದ 4ರಲ್ಲಿರಬೇಕು. 1 ಮತ್ತು 2ನ್ನು ಎತ್ತಿನ ಹೊಟ್ಟೆಯ ಕೆಳಗಿನ ನೆರಳಿಗೆ, ನೊಗದ ಸಂದಿಗೆ, ಮುಂದಿನ ಹೆಂಟೆಗಳ ಬುಡಕ್ಕೆ ಉಳಿಸಿಕೊಳ್ಳಿ. ಇಡೀ ಹೊಲವನ್ನೇ 1ಕ್ಕೆ ಇಳಿಸಿದರೆ ಇನ್ನೂ ಆಳಕ್ಕೆ ಹೋಗಲು ಏನೂ ಉಳಿಯುವುದಿಲ್ಲ. ನಿಮ್ಮ ಹೊಲ ಮಣ್ಣು ಅನ್ನಿಸದಿರುವುದು ಇದಕ್ಕೇ.

ಒಂದು ಹೆಂಟೆಯನ್ನು ಹತ್ತಿರದಿಂದ ನೋಡಿ. ಪಡುವಣದ ಮುಖಕ್ಕೆ ಬಿಸಿಲು ತಾಗಿ ಓಕರ್, ಬರ್ನ್ಟ್ ಸಿಯೆನಾ (ಕೆಂಗಂದು), ತುಸು ಬಿಳಿ ಸೇರಿದ ಬಿಸಿಬಣ್ಣ. ನೆತ್ತಿ ಆಕಾಶಕ್ಕೆ ತೆರೆದಿರುತ್ತದೆ, ಅಲ್ಲಿ ನೀಲಿಬೂದು. ಮೂಡಣದ ಮುಖ ನೇರಳೆಗೆ ವಾಲಿದ ಕಪ್ಪು. ಮುಂಭಾಗದ ಹತ್ತು ಹನ್ನೆರಡು ಹೆಂಟೆಗಳಿಗೆ ಹೀಗೆ ಮೂರೂ ಮುಖ ಕೊಟ್ಟರೆ ಸಾಕು. ಹಿಂದಕ್ಕೆ ಹೋದಂತೆ ಮೂರೂ ಕರಗಿ ಒಂದೇ ನೀಲಿಗಂದು ಆಗಬೇಕು.

ಫೋಟೋ ನೋಡಿ ಬರೆಯುತ್ತಿದ್ದರೆ ಎಚ್ಚರ. ಆಕಾಶ ಬೆಳ್ಳಗಿರುವಾಗ ಮೊಬೈಲ್ ಕ್ಯಾಮೆರಾ ನೆಲವನ್ನು ಪೂರ್ತಿ ಕಪ್ಪು ಮಾಡಿಬಿಡುತ್ತದೆ. ಪರದೆಯ ಮೇಲೆ ನೆಲವನ್ನು ಒತ್ತಿ ಇನ್ನೊಂದು ಫೋಟೋ ತೆಗೆದುಕೊಳ್ಳಿ. ಅದಕ್ಕಿಂತ ಒಳ್ಳೆಯದು, 6×8 ಇಂಚಿನ ಹಲಗೆ ಹಿಡಿದು ಹೊಲದ ಬದುವಿನ ಮೇಲೇ ಕುಳಿತು ನೆಲ, ಎತ್ತು, ಆಕಾಶ ಮೂರರ ಬಣ್ಣವನ್ನಷ್ಟೇ ಗುರುತು ಮಾಡುವುದು.

---

ಹೋರಿ_ಹಾವೇರಿ

ಮಣ್ಣಿನ ಮಾತು ಗುರುಗಳು ಹೇಳ್ಯಾರ, ನಾ ಎತ್ತಿನ ಮಾತು ಹೇಳ್ತೀನ್ರಿ.

ಸಂಜಿ ಬಿಸಿಲಾಗ ಬಿಳಿ ಎತ್ತು ಬಿಳಿ ಇರಂಗಿಲ್ಲ. ಹೊತ್ತು ಮುಳುಗೋ ಕಡೆಯ ಆಕಾಶಕ್ಕಿಂತ ಅದು ಯಾವಾಗಲೂ ಒಂದು ಮೆಟ್ಟಲ ಕಪ್ಪ. ಆಕಾಶ 9 ಇದ್ರ ಬಿಸಿಲ ಬಿದ್ದ ಬೆನ್ನು 8, ನೆರಳಿನ ಮಗ್ಗಲ 5. ಬಿಸಿಲಿನ ಕಡೆ ಬಿಳಿಗೆ ಓಕರ್, ಚಿಟಿಕಿ ಕ್ಯಾಡ್ಮಿಯಂ ಆರೆಂಜ್. ನೆರಳಿಗೆ ಕಪ್ಪು ಕಲಸಬ್ಯಾಡ್ರಿ, ಬಿಳಿ, ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ. ಮ್ಯಾಲಿನ ಪಕ್ಕಡಿ ಆಕಾಶ ನೋಡ್ತೈತಿ ಅಂತ ನೀಲಿ ಜಾಸ್ತಿ. ಹೊಟ್ಟಿ ನೆಲ ನೋಡ್ತೈತಿ. ಅಲ್ಲೇ ಭಾಳ ಮಂದಿ ಎಡವ್ತಾರ: ಬ್ಯಾಡಗಿ, ರಾಣೆಬೆನ್ನೂರ ಕಡೆ ಕೆಂಪು ಮಸಾರಿ ನೆಲದ ಮ್ಯಾಲ ಎತ್ತಿನ ಹೊಟ್ಟಿಗೆ ಕೇಸರಿ ಬೆಳಕು ಪುಟಿದು ಬರ್ತೈತಿ. ಎರಿ ನೆಲ ಬೆಳಕು ನುಂಗ್ತೈತಿ, ಹೊಟ್ಟಿಗೆ ಏನೂ ಹೊಳ್ಳಿ ಬರಂಗಿಲ್ಲ. ಹಂಗಾಗಿ ನಿಮ್ಮ ಚಿತ್ರದಾಗ ಹೊಟ್ಟಿ, ಒಳಗಾಲು ಎರಡೂ ಕಪ್ಪಗ, ತಂಪಗ ಇರಬೇಕು. ಮಸಾರಿಯ ಫೋಟೋ ನೋಡಿ ಎರಿಯ ಎತ್ತು ಬರದ್ರ ಸುಳ್ಳು ಅಲ್ಲೇ ಗೊತ್ತಾಗ್ತೈತಿ.

ಅಂಟಿಸಿದಂಗ ಕಾಣೋದು ಅಂಚಿನಿಂದ. ಸುತ್ತಲೂ ಒಂದೇ ನಮೂನಿ ಚೂಪು ಅಂಚು ಇಟ್ಟೀರಿ ಅನಸ್ತೈತಿ. ಬೆನ್ನು, ಕೊಂಬು, ಹಿಣಿಲಿನ (ಹೆಗಲ ಮ್ಯಾಲಿನ ಡುಬ್ಬದ) ನೆತ್ತಿ ಇಷ್ಟ ಚೂಪು ಇರಲಿ. ಹೊಟ್ಟಿ ಮತ್ತ ಹಿಂಗಾಲಿನ ಅಂಚನ್ನ ಹಸಿ ಇದ್ದಾಗನ ಒಣ ಬ್ರಷ್‌ನಿಂದ ನೆಲದೊಳಗ ಎಳೀರಿ. ಗೊರಸು ಪೂರ್ತಿ ಬರೀಬ್ಯಾಡ್ರಿ, ಸಡಿಲ ಎರಿಯೊಳಗ ಗೊರಸು ಹುಗಿದಿರ್ತೈತಿ. ಅತ್ತಕಡಿ ಎತ್ತಿಗೆ ಬಿಳಿ ಇನ್ನೂ ಕಡಿಮಿ, ಅದರ ಬಣ್ಣ ಇತ್ತಕಡಿ ಎತ್ತಿನ ನೆರಳಿನ ಬಣ್ಣಕ್ಕ ಹತ್ರ ಇರಲಿ. ಇಲ್ಲಾಂದ್ರ ಎರಡೂ ಒಂದನ್ನೊಂದು ತಳ್ಳಿಕೊಂಡು ಮುಂದ ಬರ್ತಾವು.

ಕಿಲಾರಿ ಅಂದ್ರ ಕೊಂಬು ಬುಡದಾಗ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕ ಬಾಗಿ, ಮತ್ತ ಮ್ಯಾಲಕ್ಕ ಬಿಲ್ಲಿನಂಗ ಏರಬೇಕು. ಹಣಿ ಉದ್ದ, ಇಕ್ಕಟ್ಟು, ತುಸು ಉಬ್ಬು. ಮೂತಿ ಒಮ್ಮೊಮ್ಮೆ ನಸುಗೆಂಪು. ಹಿಣಿಲು ಮತ್ತ ಮುಂಭಾಗಕ್ಕ ಬೂದು ಜಾಸ್ತಿ. ನೊಗ ಹಿಣಿಲಿನ ಮುಂದ, ಕುತ್ತಿಗಿ ಮ್ಯಾಲ ಕುಂದರ್ತೈತಿ. ಹಿಣಿಲಿನ ಮ್ಯಾಲೋ ಹಿಂದೋ ಇಟ್ಟ ಚಿತ್ರ ಭಾಳ ನೋಡಾಕ ಸಿಗ್ತಾವು, ಒಕ್ಕಲಿಗರ ಕಣ್ಣಿಗೆ ಅದು ಮೊದಲು ಚುಚ್ಚತೈತಿ. ಎಳೆಯೋ ಎತ್ತು ತಲಿ ತಗ್ಗಿಸಿ ಕುತ್ತಿಗಿ ಮುಂದಕ್ಕ ಚಾಚಿರ್ತೈತಿ, ತಲಿ ಎತ್ತಿ ನಿಂತಿದ್ದು ಮೆರವಣಿಗಿ ಎತ್ತು. ಎದಿಯ ಆಳ ಮತ್ತ ಮುಂಗಾಲಿನ ಉದ್ದ ಹೆಚ್ಚೂಕಡಿಮಿ ಸಮ.

ಇನ್ನೊಂದು ಮುಖ್ಯ ಮಾತು. ರೈತ ಕುಂಟಿ ಹೊಡಿಯಾಕತ್ತಾನ ಅಂದ್ರಿ. ಕುಂಟಿ ಆಳ ಸಾಲು ಬಿಡಂಗಿಲ್ಲ, ಮ್ಯಾಲಿನ ಮಣ್ಣು ಹೆರೆದು ಮಟ್ಟ ಮಾಡ್ತೈತಿ. ದೊಡ್ಡ ದೊಡ್ಡ ಹೆಂಟಿ, ಆಳ ಸಾಲು ಬೇಕಂದ್ರ ಅವನ ಕೈಯಾಗ ರಂಟಿ (ನೇಗಿಲು) ಕೊಡ್ರಿ. ಕುಂಟೀನ ಇರಲಿ ಅಂದ್ರ ಹೆಂಟಿ ಸಣ್ಣ ಮಾಡ್ರಿ, ಕುಂಟಿ ಹಾದು ಹೋದ ಪಟ್ಟಿ ಹಸಿ ಮಣ್ಣಿನಿಂದ ಕಪ್ಪು, ಹೋಗದ ಪಟ್ಟಿ ಬೂದು. ಆ ಎರಡು ಪಟ್ಟಿಯ ಗೆರಿ ದೂರಕ್ಕ ಕೂಡ್ತಾ ಹೋಗೋದ ನಿಮ್ಮ ಚಿತ್ರಕ್ಕ ಆಳ ಕೊಡ್ತೈತಿ.

ನೋಡಿ ಕಲಿಯಾಕ: ಫ್ರಾನ್ಸಿನ ರೋಸಾ ಬೊನ್ಯೂರ್ 1849ರಾಗ ಬರೆದ ನಿವೆರ್ನೆ ಉಳುಮಿಯ ಚಿತ್ರ, ಪ್ಯಾರಿಸ್ಸಿನ ಓರ್ಸೆ ಮ್ಯೂಜಿಯಂನಾಗ ಐತಿ, ಆನ್‌ಲೈನ್ ಸಿಗ್ತೈತಿ. ತಿಳಿಬಣ್ಣದ ಎತ್ತು, ಗಾಢ ಕಂದು ಮಣ್ಣು, ನಿಮ್ಮದ ಸಮಸ್ಯೆ. ಮುಂದಿನ ಮಗುಚಿದ ಮಣ್ಣನ್ನ ಎಷ್ಟು ಬಣ್ಣದಾಗ ಬರದಾಳ ನೋಡ್ರಿ. ಆಳೆತ್ತರದ ದನದ ಮೈಕಟ್ಟನ್ನ ಸುತ್ತ ತಿರುಗಿ ನೋಡಬೇಕಂದ್ರ ಶಿಗ್ಗಾಂವಿ ಹತ್ರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಜೀವಂತ ಎತ್ತಿನಂಗ ಶಿಲ್ಪ ಕದಲಂಗಿಲ್ಲ, ಸ್ಕೆಚ್ ಪುಸ್ತಕ ಹಿಡಿದು ಅರ್ಧ ದಿನ ಕುಂದರಬಹುದು.

---

ಅಗಸಿ_ಕುಸುಬಿ

ಎಣ್ಣೆ ಪ್ರಶ್ನೆಗೆ ನೇರ ಉತ್ತರ.

ಸೀಮೆಎಣ್ಣೆ ಬೇಡ. ಪೂರ್ತಿ ಆರದೆ ಜಿಡ್ಡು ಉಳಿಸುತ್ತದೆ, ಬಣ್ಣ ಒಣಗುವುದು ಇನ್ನೂ ತಡ. ಬ್ರಷ್ ತೊಳೆಯಲು ಪೇಂಟ್ ಅಂಗಡಿಯ ಟರ್ಪೆಂಟೈನ್ ಆದೀತು, ಬಣ್ಣಕ್ಕೆ ಕಲಸಲು ಕಲಾ ಸಾಮಗ್ರಿ ಅಂಗಡಿಯ ಶುದ್ಧೀಕರಿಸಿದ್ದೇ ಬೇಕು.

ಗಾಣದ ಅಗಸೆ ಎಣ್ಣೆ ಒಣಗುವ ಜಾತಿಯದೇ, ಲಿನ್ಸೀಡ್ ಎಂದರೆ ಅದೇ. ಆದರೆ ಶುದ್ಧೀಕರಿಸದ ಎಣ್ಣೆಯಲ್ಲಿ ಬೀಜದ ಲೋಳೆ ಉಳಿದಿರುತ್ತದೆ, ಬೇಗ ಹಳದಿಯಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಾಯಿಲ್ಡ್ ಲಿನ್ಸೀಡ್‌ನಲ್ಲಿ ಬೇಗ ಒಣಗಿಸುವ ರಾಸಾಯನಿಕ ಸೇರಿಸಿರುತ್ತಾರೆ, ಅದು ಬಾಗಿಲು ಕಿಟಕಿಗೆ ಸರಿ, ಚಿತ್ರದ ಮೇಲೆ ಕಪ್ಪಾಗುತ್ತದೆ. ಕುಸುಬೆ ಎಣ್ಣೆ ಹಳದಿಯಾಗುವುದು ಕಡಿಮೆ, ಹಾಗಾಗಿ ಕೆಲವು ಕಂಪನಿಗಳು ಬಿಳಿ ಬಣ್ಣವನ್ನು ಅದರಲ್ಲೇ ಅರೆಯುತ್ತವೆ, ಆದರೆ ಒಣಗುವುದು ನಿಧಾನ. ಅಡುಗೆಯ ರಿಫೈಂಡ್ ಪ್ಯಾಕೆಟ್ ಬಳಸಬೇಡಿ, ಕೆಡದಂತೆ ಅದಕ್ಕೆ ಸೇರಿಸುವುದೇ ಇಲ್ಲಿ ಒಣಗದಂತೆ ತಡೆಯುತ್ತದೆ. ಶೇಂಗಾ ಎಣ್ಣೆಯಂತೂ ಎಂದಿಗೂ ಒಣಗುವುದಿಲ್ಲ.

ಪದರದ ಕ್ರಮ: ಮೊದಲನೆಯದು ಬಣ್ಣಕ್ಕೆ ಟರ್ಪೆಂಟೈನ್ ಮಾತ್ರ, ಎರಡನೆಯದು ಟ್ಯೂಬಿನಿಂದ ಬಂದ ಹಾಗೆ, ಕೊನೆಯದಕ್ಕೆ ಅಗತ್ಯವಿದ್ದರೆ ಹತ್ತು ಪಾಲು ಬಣ್ಣಕ್ಕೆ ಒಂದು ಪಾಲು ಲಿನ್ಸೀಡ್. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಕಡಿಮೆ ಇರಬಾರದು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಲಿನ್ಸೀಡ್ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತುತ್ತದೆ. ಹೊರಗೆ ಹರವಿ ಒಣಗಿಸಿ, ಇಲ್ಲವೇ ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿಡಿ.

---

ಎರಿಹೊಲ_ಗದಗ

ಕುಂಟಿ-ರಂಟಿ ಮಾತು ಛಲೋ ಹಿಡಿದ್ರಿ. ಕುಂಟೀನ ಇಟ್ಟು ಪಟ್ಟಿ ಮಾಡ್ತೀನಿ. ಬೂದಿ ಆದ ತೆಳು ಜಾಗಕ್ಕ ಕಡೀಕ ಏನು ಮಾಡ್ಲಿ? ಎಣ್ಣಿ ಸವರೋದೋ, ವಾರ್ನಿಷ್ಷೋ? ಮತ್ತ ಈ ಮಳ್ಯಾಗ ಒಣಗಿಸೋದು ಹೆಂಗ?

---

ಕುಂಚ_ಸಾಧನಕೇರಿ

ತೆಳು ಜಾಗ ಪೂರ್ತಿ ಒಣಗಿದ ಮೇಲೆ, ಮತ್ತೆ ಬಣ್ಣ ಹಚ್ಚುವ ದಿನ ಮಾತ್ರ, ಲಿನ್ಸೀಡ್ ಮತ್ತು ಟರ್ಪೆಂಟೈನ್ ಸಮ ಬೆರೆಸಿ ಬಟ್ಟೆಯಿಂದ ಸವರಿ. ಎರಡು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿಬಿಡಿ. ಬೆರಳಿಟ್ಟರೆ ಜಾರಬಾರದು, ಹೊಳಪಷ್ಟೇ ಇರಬೇಕು. ಮುಂದಿನ ಕ್ಯಾನ್ವಾಸಿಗೆ ಮೊದಲೇ ಅಕ್ರಿಲಿಕ್ ಜೆಸ್ಸೊ (ಬಿಳಿ ಪ್ರೈಮರ್) ಎರಡು ಕೈ ಹೊಡೆಯಿರಿ, ಒಂದು ಅಡ್ಡ ಒಂದು ಉದ್ದ, ನಡುವೆ 220 ನಂಬರ್ ಪಾಲಿಶ್ ಪೇಪರ್. ಈ ಕಾಟವೇ ಕಡಿಮೆಯಾಗುತ್ತದೆ.

---

ಫ್ರೇಮ್_ಹುಬ್ಬಳ್ಳಿ

ಮೇಲಿನ ಮಾತಿಗೆ ಒಂದು ತಿದ್ದುಪಡಿ. ಮತ್ತೆ ಬಣ್ಣ ಹಚ್ಚದೆ ಉಳಿಯುವ ಜಾಗಕ್ಕೆ ಎಣ್ಣೆ ಸವರಲೇಬಾರದು, ಆ ಎಣ್ಣೆ ಮೇಲೇ ಹಳದಿ ಪೊರೆಯಾಗಿ ಕೂರುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಅಂಥಲ್ಲಿ ರಿಟಚಿಂಗ್ ವಾರ್ನಿಷ್ (ಕೊನೆಯ ವಾರ್ನಿಷ್‌ಗೂ ಮೊದಲೇ ಹಚ್ಚಬಹುದಾದ ತೆಳು ವಾರ್ನಿಷ್) ಒಂದೇ ಒಂದು ತೆಳು ಕೈ.

ಮಳೆಗಾಲ: ಎಣ್ಣೆಬಣ್ಣ ನೀರು ಆರಿದ ಹಾಗೆ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕು, ಗಾಳಿ, ಬೆಚ್ಚನೆ ಮೂರೂ ಬೇಕು. ಕಿಟಕಿಯ ಬೆಳಕು ಬೀಳುವ ಕೋಣೆಯಲ್ಲಿ, ಫ್ಯಾನ್ ಸಣ್ಣಗೆ ಹಾಕಿ, ಗೋಡೆಗೆ ತಾಗದಂತೆ ನಿಲ್ಲಿಸಿ. ಬಟ್ಟೆ ಮುಚ್ಚಿ ಕಪಾಟಿನಲ್ಲೋ ಅಟ್ಟದ ಮೇಲೋ ಇಟ್ಟರೆ ಒಣಗುವುದು ತಡ, ಬೂಷ್ಟು ಬೇರೆ ಹಿಡಿಯುತ್ತದೆ, ಬಿಳಿಯೂ ಹಳದಿಯಾಗುತ್ತದೆ. ಕ್ಯಾನ್ವಾಸ್ ಸಡಿಲಾಗಿ ಕಂಡರೆ ಹಿಂದಿನ ಮೂಲೆಯ ಮರದ ಬೆಣೆಗಳನ್ನು ಈಗಲೇ ಬಡಿಯಬೇಡಿ. ದೀಪಾವಳಿ ಹೊತ್ತಿಗೆ ಗಾಳಿ ಒಣಗಿದಾಗ ಅದು ತಾನಾಗಿ ಬಿಗಿಯಾಗುತ್ತದೆ, ಈಗ ಬಿಗಿ ಮಾಡಿದರೆ ಬೇಸಿಗೆಯಲ್ಲಿ ಅತಿಯಾಗಿ ಎಳೆದು ಬಣ್ಣಕ್ಕೆ ಬಿರುಕು.

ಕೊನೆಯ ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ. ಹತ್ತಿಯನ್ನು ವಾರ್ನಿಷ್ ತೆಳು ಮಾಡುವ ದ್ರಾವಣದಲ್ಲಿ ಅದ್ದಿ, ಮೂಲೆಯ ಕಪ್ಪು ಜಾಗದಲ್ಲಿ ಹಗುರವಾಗಿ ಉರುಳಿಸಿ. ಹತ್ತಿಗೆ ಬಣ್ಣ ಹತ್ತಿದರೆ ಇನ್ನೂ ಎರಡು ತಿಂಗಳು ಬಿಟ್ಟು ಮತ್ತೆ ನೋಡಿ. ಗೋಡೆಗೆ ಹಾಕುವಾಗ ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯ (ಕಾರ್ಕ್) ಅರ್ಧ ಇಂಚಿನ ತುಂಡು ಅಂಟಿಸಿ, ಹಿಂದೆ ಗಾಳಿ ಆಡಲಿ. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗಂತೂ ತೂಗು ಹಾಕಲೇಬೇಡಿ.