ಸಹಾಯ ಬೇಕು: ಹೈಪರ್‌ಪೋಲರೈಸ್ಡ್ ಎನ್‌ಎಂಆರ್‌ನಲ್ಲಿ ಲ್ಯಾಕ್ಟೇಟ್‌ನ ಟಿ1

ಎನ್‌ಎಂಆರ್ (ಮ್ಯಾಗ್ನೆಟ್‌ನಲ್ಲಿ ಪರಮಾಣು ಬೀಜಗಳ ಸಿಗ್ನಲ್ ಅಳೆಯುವ ವಿಧಾನ) ಬಲ್ಲವರು ಯಾರಾದ್ರೂ ಇದ್ದರೆ ಸ್ವಲ್ಪ ನೋಡಿ. ಪೈರುವೇಟ್ ಲ್ಯಾಕ್ಟೇಟ್ ಆಗುವ ವೇಗ ಅಳೆಯುತ್ತಿದ್ದೇನೆ. ಮೊದಲ ಕಾರ್ಬನ್ ಜಾಗದಲ್ಲಿ ಕಾರ್ಬನ್-13 ಗುರುತಿರುವ ಪೈರುವೇಟ್ ಅನ್ನು ಡಿಎನ್‌ಪಿಯಲ್ಲಿ (ಎಲೆಕ್ಟ್ರಾನ್‌ಗಳ ಪೋಲರೈಸೇಷನ್ ಅನ್ನು ಬೀಜಗಳಿಗೆ ದಾಟಿಸಿ ಸಿಗ್ನಲ್ ಬಹಳ ಹೆಚ್ಚಿಸುವ ವಿಧಾನ) ಪೋಲರೈಸ್ ಮಾಡಿ, ಬಿಸಿ ಬಫರ್‌ನಲ್ಲಿ ಕರಗಿಸಿ, ಪೈರುವೇಟನ್ನು ಲ್ಯಾಕ್ಟೇಟ್ ಮಾಡುವ ಎಲ್‌ಡಿಎಚ್ ಕಿಣ್ವ ಮತ್ತು ಅದಕ್ಕೆ ಬೇಕಾದ ಎನ್‌ಎಡಿಎಚ್ ಇರುವ ಟ್ಯೂಬಿಗೆ ಹಾಕುತ್ತೇನೆ. 2 ಸೆಕೆಂಡಿಗೊಂದು 10 ಡಿಗ್ರಿ ಪಲ್ಸ್. 171 ಪಿಪಿಎಂನ (ಸ್ಪೆಕ್ಟ್ರಮ್‌ನಲ್ಲಿ ಪೀಕ್‌ನ ಜಾಗ) ಪೈರುವೇಟ್ ಪೀಕ್ ಇಳಿಯುತ್ತಾ, 183ರ ಹತ್ತಿರ ಲ್ಯಾಕ್ಟೇಟ್ ಏಳುವುದು ಚೆನ್ನಾಗಿ ಕಾಣುತ್ತದೆ. 179ರಲ್ಲಿ ಪೈರುವೇಟ್ ಹೈಡ್ರೇಟ್ ಕೂಡ ಇದೆ, ಅದರ ತಂಟೆ ಇಲ್ಲ.

ತಲೆನೋವು ಲೆಕ್ಕದಲ್ಲಿ. ಲ್ಯಾಕ್ಟೇಟ್ ಸಿಗ್ನಲ್ ಟಿ1ನಿಂದಲೂ (ಪೋಲರೈಸೇಷನ್ ತಾನಾಗಿಯೇ ಕರಗುವ ಕಾಲ) ಇಳಿಯುತ್ತದೆ, ಪ್ರತಿ ಪಲ್ಸ್‌ಗೂ ಸುಮಾರು ಶೇ 1.5 ಹೋಗುತ್ತದೆ. ಪಲ್ಸ್ ನಷ್ಟವನ್ನು ಕೊಸೈನ್ ಲೆಕ್ಕದಿಂದ ತೆಗೆದೆ. ಆದರೆ ಫಿಟ್ ಮಾಡುವಾಗ ವೇಗದ ಸ್ಥಿರಾಂಕ ಮತ್ತು ಲ್ಯಾಕ್ಟೇಟ್‌ನ ಟಿ1 ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಏರಿಸಿದರೆ ಇನ್ನೊಂದು ಸುಮ್ನೆ ಸರಿದೂಗಿಸುತ್ತದೆ, ಕರ್ವ್ ಹಾಗೇ ಕೂರುತ್ತದೆ. ಪೀಕ್‌ಗಳ ವಿಸ್ತೀರ್ಣದ ಅನುಪಾತ ಹಿಡಿದೆ, ಅದರಲ್ಲೂ ಲ್ಯಾಕ್ಟೇಟ್‌ನ ಟಿ1 ಬಂದೇ ಬರುತ್ತದೆ ಅಲ್ವಾ?

ಲ್ಯಾಕ್ಟೇಟ್‌ನ ಟಿ1 ಅನ್ನು ಅದೇ ಬಫರ್‌ನಲ್ಲಿ, ಅದೇ ಮ್ಯಾಗ್ನೆಟ್‌ನಲ್ಲಿ ಇನ್ವರ್ಷನ್ ರಿಕವರಿಯಿಂದ (ಸಿಗ್ನಲ್ ತಲೆಕೆಳಗು ಮಾಡಿ, ಅದು ಮರಳುವ ವೇಗ ನೋಡುವ ವಿಧಾನ) ಬೇರೆಯಾಗಿ ಅಳೆದು ಫಿಕ್ಸ್ ಮಾಡಿದರೆ ಸಾಕಾ? ಅಥವಾ ಆ ಅಳತೆಯ ಟ್ಯೂಬಿನಲ್ಲೂ ಕಿಣ್ವ ಇರಲೇಬೇಕಾ?