ಟಚ್‌ಪ್ಯಾಡ್ ಸೆಟ್ಟಿಂಗ್ ಬರೆದಿಡುವುದು ಹೇಗೆ ಮಾರಾಯ್ರೆ?

ರಥಬೀದಿ_ಡಿಟಿಪಿ:
ಉಡುಪಿ ರಥಬೀದಿ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಇಂಥದ್ದೇ ಕೆಲಸ. ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಟೈಪ್ ಮಾಡುವಾಗ ಅಂಗೈ ತಾಗಿದರೆ ಸಾಕು, ಕರ್ಸರ್ ಎಲ್ಲಿಗೋ ಹಾರುತ್ತದೆ. ಮೊನ್ನೆ ವರನ ಅರ್ಧ ಹೆಸರು ಹೋಗಿ ವಧುವಿನ ತಂದೆಯ ಹೆಸರಿನ ನಡುವೆ ಕೂತಿತ್ತು. ಪ್ರೂಫ್ ನೋಡಿದವರು ನಕ್ಕರು, ಬಚಾವ್.

ಹಿಂದೊಮ್ಮೆ, 2012ರಲ್ಲಿ, ಅಂಗೈ ತಾಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಸೆಟ್ಟಿಂಗ್ ಅಂತ ಡೈರಿಯಲ್ಲಿ ‘ಪಾಮ್‌ಡಿಟೆಕ್ಟ್ 1, ಪಾಮ್‌ಮಿನ್‌ಝೆಡ್ 200’ ಅಂತ ಬರೆದಿಟ್ಟಿದ್ದೆ. ಅದನ್ನೇ ಈಗ ಎಕ್ಸ್‌ಆರ್ಗ್ (ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಸಾಫ್ಟ್‌ವೇರ್) ಸೆಟ್ಟಿಂಗ್ ಫೈಲಿಗೆ ಹಾಕಿದರೆ ಏನೂ ಆಗುವುದಿಲ್ಲ. 200 ಅಂದರೆ ಎಂತದ್ದು 200 ಅಂತಲೂ ಬರೆದಿಲ್ಲ, ನೋಡಿ ನನ್ನ ಬುದ್ಧಿ! ಈ ಸಲ ಅಂಗಡಿಯ ಹುಡುಗನಿಗೂ ಅರ್ಥ ಆಗುವ ಹಾಗೆ ಬರೆಯಬೇಕು. ಏನೇನು ಬರೆಯಲಿ?

ಸುರತ್ಕಲ್_ಶೆಲ್:
ಅದು ಟಚ್‌ಪ್ಯಾಡ್ ನಡೆಸುವ ಹಳೇ ಸಾಫ್ಟ್‌ವೇರ್, ಅಂದರೆ ಸಿನಾಪ್ಟಿಕ್ಸ್ ಡ್ರೈವರ್‌ನ ಭಾಷೆ. ಈಗ ನಿಮ್ಮಲ್ಲಿ ಓಡುತ್ತಿರುವುದು ಅದೇ ಕೆಲಸದ ಹೊಸದು, ಲಿಬ್‌ಇನ್‌ಪುಟ್ ಇರಬೇಕು. ಅದಕ್ಕೆ ಆ ಹೆಸರುಗಳ ಗುರುತೇ ಇಲ್ಲ. ಹಾಗಾಗಿ ಮೊದಲ ಸಾಲಲ್ಲೇ ಡ್ರೈವರ್ ಹೆಸರು, ವರ್ಷನ್ ಬರೆಯಿರಿ. ನಿಮಗೆ ಬೇಕಾದದ್ದು ‘ಅಟ್ರ್‌ಪಾಮ್‌ಪ್ರೆಶರ್‌ಥ್ರೆಶೋಲ್ಡ್’, ಅಂದರೆ ಒತ್ತಡ ಎಷ್ಟು ದಾಟಿದರೆ ಅಂಗೈ ಅಂತ ಲೆಕ್ಕ ಹಾಕಬೇಕು ಅನ್ನುವ ಅಂಕಿ. ಸಿಸ್ಟಮ್ ಸೆಟ್ಟಿಂಗ್ ಇರುವ ಇಟಿಸಿ ಫೋಲ್ಡರ್ ಒಳಗಿನ ಲಿಬ್‌ಇನ್‌ಪುಟ್ ಫೋಲ್ಡರ್‌ನಲ್ಲಿ ‘ಲೋಕಲ್-ಓವರ್‌ರೈಡ್ಸ್.ಕ್ವರ್ಕ್ಸ್’ ಅಂತ ಫೈಲ್ ಮಾಡಿ ಅದರಲ್ಲಿ ಹಾಕಬೇಕು. ಆ ಅಂಕಿ ಗ್ರಾಮೂ ಅಲ್ಲ, ಮಿಲಿಮೀಟರೂ ಅಲ್ಲ. ಪ್ಯಾಡ್‌ನ ಚಿಪ್ ತನ್ನದೇ ಲೆಕ್ಕದಲ್ಲಿ ಹೇಳುವ ಒತ್ತಡ. ನನ್ನ ಪ್ಯಾಡ್‌ನ ಅಂಕಿ ನಿಮಗೆ ಉಪಯೋಗಕ್ಕೆ ಬಾರದು.

ಕದ್ರಿ_ಪೆಂಗ್ವಿನ್:
ಸುಮ್ನೆ ಊಹೆ ಮಾಡಿ ಹಾಕಬೇಡಿ. ‘ಲಿಬ್‌ಇನ್‌ಪುಟ್ ಮೆಷರ್ ಟಚ್‌ಪ್ಯಾಡ್-ಪ್ರೆಶರ್’ ಅನ್ನುವ ಕಮಾಂಡ್ ಓಡಿಸಿ, ಮೊದಲು ಬೆರಳು, ಆಮೇಲೆ ಅಂಗೈ ಇಟ್ಟು ನೋಡಿ. ನಮ್ಮ ಸೆಖೆಗೆ ಬೆವರಿದ ಕೈಯಲ್ಲೂ ಒಮ್ಮೆ. ಕೆಲವು ಪ್ಯಾಡ್ ಒತ್ತಡವನ್ನೇ ಹೇಳುವುದಿಲ್ಲ, ಆಗ ಈ ದಾರಿ ಇಲ್ಲ. ಅಳೆದದ್ದು ಹೇಗೆ ಅಂತಲೂ ಡೈರಿಯಲ್ಲಿರಲಿ. ಕ್ವರ್ಕ್ಸ್ ಫೈಲಿನ ರೀತಿ ಮುಂದಿನ ವರ್ಷನ್‌ನಲ್ಲಿ ಬದಲಾಗಬಹುದು, ಲಿಬ್‌ಇನ್‌ಪುಟ್ ಮಾಡಿದವರೇ ಹಾಗೆ ಹೇಳಿದ್ದಾರೆ.

ರಥಬೀದಿ_ಡಿಟಿಪಿ:
ಆಯ್ತು, ಸಿಕ್ಕಿತು! ಬೆರಳು 70 ದಾಟಲಿಲ್ಲ, ಅಂಗೈ 110ರ ಆಸುಪಾಸು. ಡೀಫಾಲ್ಟ್ 130 ಅಲ್ವಾ, ಹಾಗಾಗಿ ನನ್ನ ಅಂಗೈಯೂ ಅದಕ್ಕೆ ಬೆರಳೇ! 90 ಇಟ್ಟೆ. ಲಾಗ್‌ಔಟ್ ಆಗಿ ಬಂದ ಮೇಲೆಯೇ ಹಿಡಿದದ್ದು, ಅದಕ್ಕೆ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಡೈರಿಯಲ್ಲಿ ಅದನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹುಡುಗ ಓದಿ ಕೇಳಿದ್ದು ಒಂದೇ: ‘ಅಣ್ಣ, ನನ್ನ ಅಂಗೈ ಎಷ್ಟು?’ ನಾಳೆ ಅವನದ್ದೂ ಅಳೆಯುತ್ತೇನೆ.