ಒಂದೇ ಚಕ್ರ ಸುತ್ತಿದ ಕೇಸು

ನಮ್ಮ ಲಾ ಕ್ಲಾಸಿನಲ್ಲಿ ಒಂದೇ ಹೆಸರಿನವರು ಮೂವರಿದ್ದರು. ಹಾಗಾಗಿ ಎಲ್ಲರನ್ನೂ ಊರ ಹೆಸರಿನಿಂದಲೇ ಕರೆಯುವ ರೂಢಿ ಬಿತ್ತು. ವಾಟ್ಸಾಪ್ ಗುಂಪಿನಲ್ಲೂ ಅದೇ. ನಾನು ಕೊಪ್ಪ. ಶನಿವಾರ ರಾತ್ರಿ ಭದ್ರಾವತಿ ಒಂದು ಫಾರ್ವರ್ಡ್ ಹಾಕಿದ. ನಿದ್ದೆ ಹೋಯಿತು.

ಭದ್ರಾವತಿ: "ನಿಮಗೆ ಗೊತ್ತೇ? ‘ಮೈ ಕಸಿನ್ ವಿನ್ನಿ’ ಚಿತ್ರದ ನಟಿಗೆ ಆಸ್ಕರ್ ಬಂದಿದ್ದೇ ತಪ್ಪಿನಿಂದ! ವೇದಿಕೆ ಮೇಲಿದ್ದವರು ಬೇರೆ ಹೆಸರು ಓದಿಬಿಟ್ಟರು. ಮರ್ಯಾದೆಗೆ ಅಂಜಿ ಯಾರೂ ಬಾಯಿ ಬಿಡಲಿಲ್ಲ. ಹತ್ತು ಜನರಿಗೆ ಕಳಿಸಿ."

ಭದ್ರಾವತಿ: ನಮ್ಮ ಸಿನಿಮಾ ಕಣ್ರೋ! ನೆನಪಿದೆಯಾ?

ನೋಡದವರಿಗೆ ಕಥೆ ಇಷ್ಟು: ಅಲಬಾಮಾದಲ್ಲಿ ಅಂಗಡಿಯವನನ್ನು ಕೊಂದರು ಅಂತ ಇಬ್ಬರು ಹುಡುಗರ ಮೇಲೆ ಕೇಸು. ಅವರ ಪರ ವಾದಿಸಲು ಒಬ್ಬನ ಕಸಿನ್, ವಕೀಲ ವಿನ್ನಿ, ತನ್ನ ಹುಡುಗಿ ಲೀಸಾ ಜೊತೆ ಬರುತ್ತಾನೆ. ಕೊಂದವರ ಕಾರಿನ ಟೈರ್ ಗುರುತೂ ಒಂದು ಸಾಕ್ಷ್ಯ.

ಸಾಗರ: ಸಿನಿಮಾ ನೆನಪಿದೆ. ಫಾರ್ವರ್ಡ್ ಸುಳ್ಳು. ಇಷ್ಟು ವರ್ಷ ಕೋರ್ಟಿಗೆ ಹೋಗಿ, ಒಂದು ಸಾಕ್ಷಿಯನ್ನೂ ಕೇಳದೆ ಕಳಿಸುತ್ತೀಯಲ್ಲ.

ಶಿಕಾರಿಪುರ: ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ಸಾಗರ: ವಾಟ್ಸಾಪಲ್ಲಿ ಬರುತ್ತೆ. ಕೇಳು. 1993ರ ಸಮಾರಂಭ. ಹೆಸರು ಓದಿದ್ದು ನಟ ಜ್ಯಾಕ್ ಪ್ಯಾಲೆನ್ಸ್. ಗೆದ್ದವರ ಪಟ್ಟಿ ಗೊತ್ತಿರುವ ಲೆಕ್ಕಪತ್ರದ ಕಂಪನಿಯವರು ಪರದೆ ಪಕ್ಕದಲ್ಲೇ ನಿಂತಿರುತ್ತಾರೆ. ತಪ್ಪಾದರೆ ಸುಮ್ನೆ ಬಿಡುವುದಿಲ್ಲ. 2017ರಲ್ಲಿ ‘ಲಾ ಲಾ ಲ್ಯಾಂಡ್’ ಅಂತ ತಪ್ಪಾಗಿ ಓದಿದಾಗ ಏನಾಯಿತು? ಭಾಷಣ ಮಾಡುತ್ತಿದ್ದವರನ್ನೇ ನಿಲ್ಲಿಸಿ ‘ಮೂನ್‌ಲೈಟ್’ ತಂಡಕ್ಕೆ ಕೊಟ್ಟರು. ಇನ್ನೊಂದು, ಲೀಸಾ ಪಾತ್ರದ ಮರೀಸಾ ಟೊಮೆ ಆಮೇಲೆ ಎರಡು ಸಲ ಆಸ್ಕರ್‌ಗೆ ನಾಮಿನೇಟ್ ಆದಳು. ಅದೂ ತಪ್ಪಿನಿಂದಾನಾ?

ಭದ್ರಾವತಿ: ಸರಿ ತಾಯಿ, ಡಿಲೀಟ್ ಮಾಡಿದೆ.

ಹೊಸನಗರ: ಎಲ್ಲಿ ಮಾಡಿದ್ದೀಯ? ಇನ್ನೂ ಕಾಣುತ್ತಿದೆ.

ಶಿಕಾರಿಪುರ: ಆಸ್ಕರ್ ಬಿಡಿ. ನನಗೆ ಆ ಸಿನಿಮಾ ಮೇಲೆ ಬೇರೆ ಸಿಟ್ಟಿದೆ. ಹಳ್ಳಿ ಜನರನ್ನು ಪೆದ್ದರು ಅಂತ ತೋರಿಸಿದ್ದಾರೆ. ನ್ಯೂಯಾರ್ಕಿಂದ ಒಬ್ಬ ಬರುತ್ತಾನೆ. ಆರನೇ ಸಲಕ್ಕೆ ಪರೀಕ್ಷೆ ಪಾಸಾದವನು, ಒಂದು ಕೇಸೂ ನಡೆಸಿದವನಲ್ಲ. ಅಲಬಾಮಾದ ಬಡಪಾಯಿ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ನಗೆಪಾಟಲು ಮಾಡುತ್ತಾನೆ. ನಾವು ಶಿವಮೊಗ್ಗದಲ್ಲಿ ಕೂತು ಕೇಕೆ ಹಾಕಿದ್ದೇವೆ. ನಾಚಿಕೆ ಆಗಬೇಕು.

ಹೊಸನಗರ: ನೀನೇ ಜಾಸ್ತಿ ನಕ್ಕಿದ್ದೆ ಮಾರಾಯ!

ಸಾಗರ: ಆ ಸಾಕ್ಷಿಗಳು ಸುಳ್ಳು ಹೇಳಲಿಲ್ಲ, ತಪ್ಪು ತಿಳಿದಿದ್ದರು. ಒಬ್ಬನ ಕಿಟಕಿ ಕೊಳೆ, ಮುಂದೆ ಗಿಡ ಮರ. ಇನ್ನೊಬ್ಬ ಅಜ್ಜಿಗೆ ಹಳೇ ಕನ್ನಡಕ. ವಿನ್ನಿ ಯಾರನ್ನೂ ಸುಳ್ಳುಗಾರ ಅನ್ನುವುದಿಲ್ಲ. ಅಜ್ಜಿ ಜೊತೆ ಎಷ್ಟು ಮೆತ್ತಗೆ ಮಾತಾಡುತ್ತಾನೆ ನೋಡು. ನಮ್ಮಲ್ಲಿ ಅಷ್ಟು ಮರ್ಯಾದೆಯಿಂದ ಪಾಟೀಸವಾಲು ಮಾಡಿದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಅಲ್ಲಿ ನಗೆಪಾಟಲಾಗುವುದು ವಿನ್ನಿಯೇ. ಕೋಟು ಸರಿ ಇಲ್ಲ ಅಂತ ಜಡ್ಜ್ ಬೈಯುವುದು ಅವನಿಗೆ ತಾನೆ?

ಹೊಸನಗರ: ಕೋಟಿನ ಸುದ್ದಿ ಎತ್ತಬೇಡಿ. ನನ್ನ ಮೊದಲ ದಿನ. ಜುಲೈ ತಿಂಗಳು, ಬಸ್ ಕೆಟ್ಟು ಎರಡು ಮೈಲಿ ನಡೆದೆ. ಮೊಣಕಾಲ ತನಕ ಕೆಸರು. ಕತ್ತಿಗೆ ಕಟ್ಟುವ ಬ್ಯಾಂಡ್ ಮನೆಯಲ್ಲೇ ಉಳಿದಿತ್ತು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಗದ್ದೆ ನಾಟಿ ಮುಗೀತಾ?" ಅಂದರು. ಕೋರ್ಟೆಲ್ಲ ನಕ್ಕಿತು. ಕೇಸ್ ಮುಂದಕ್ಕೆ ಹೋಯಿತು. ಆಮೇಲೆ ವಿನ್ನಿ ನೋಡಿದಾಗಲೆಲ್ಲ ನನಗೆ ನಗು ಅರ್ಧವೇ ಬರುವುದು.

ಶಿಕಾರಿಪುರ: ಆಯ್ತು, ಕಾನೂನೇ ಮಾತಾಡೋಣ. ಲೀಸಾ ಕೆಲಸ ಇಲ್ಲದ ಹೇರ್‌ಡ್ರೆಸ್ಸರ್. ಅವಳು ಪರಿಣತ ಸಾಕ್ಷಿಯಂತೆ! ನಮ್ಮ ಕೋರ್ಟಿನಲ್ಲಾದರೆ ಕಟಕಟೆ ಹತ್ತಿಸುತ್ತಿದ್ದರಾ?

ಸಾಗರ: ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 45 ಮರೆತೆಯಾ? ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಈಗ 39. ಆ ವಿಷಯದಲ್ಲಿ ವಿಶೇಷ ಪರಿಣತಿ ಇರಬೇಕು ಅಂತಿದೆ. ಡಿಗ್ರಿ ಬೇಕು ಅಂತ ಎಲ್ಲಿದೆ ತೋರಿಸು. ಅವಳ ಅಪ್ಪ, ಅಣ್ಣತಮ್ಮಂದಿರು ಎಲ್ಲ ಮೆಕ್ಯಾನಿಕ್‌ಗಳು. ಸರ್ಕಾರಿ ವಕೀಲ ಪರೀಕ್ಷೆ ಮಾಡಲು 1955ರ ಷೆವರ್ಲೆ ಬಗ್ಗೆ ಕೇಳುತ್ತಾನಲ್ಲ, 327 ಎಂಜಿನ್ ಅಂತ. ಆ ಎಂಜಿನ್ ಬಂದಿದ್ದೇ 1962ರಲ್ಲಿ, ನಿನ್ನ ಪ್ರಶ್ನೆಯೇ ತಪ್ಪು ಅಂತ ಅವನ ಬಾಯಿ ಮುಚ್ಚಿಸುತ್ತಾಳೆ. ಇನ್ನೆಂತ ಪರಿಣತಿ ಬೇಕು?

ತೀರ್ಥಹಳ್ಳಿ: ಈಗ ಎದ್ದೆ. ಕೇಸ್ ಗೆದ್ದಿದ್ದು ವಿನ್ನಿ. ಫೋಟೋದಲ್ಲಿ ಟೈರ್ ಗುರುತು ನೋಡಿದವನು ಅವನು.

ಸಾಗರ: ಫೋಟೋ ತೆಗೆದವಳು ಅವಳು! ಅದನ್ನು ನೋಡಿ ಲೇವಡಿ ಮಾಡಿದವನು ಅವನು.

ನಾನು ಅಲ್ಲಿಯ ತನಕ ಸುಮ್ಮನೆ ಓದುತ್ತಿದ್ದೆ. ಇನ್ನು ತಡೆಯಲಾಗಲಿಲ್ಲ.

ಕೊಪ್ಪ: ಗೆದ್ದಿದ್ದು ಕೆಸರು. ನಗಬೇಡಿ. 2001ರ ಜುಲೈ, ಕುಂದಾದ್ರಿಗೆ ಹೋದ ದಿನ ನೆನಪು ಮಾಡಿಕೊಳ್ಳಿ. ಬಾಡಿಗೆ ಜೀಪು. ಏರಿನಲ್ಲಿ ಸಿಕ್ಕಿಬಿತ್ತು. ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಎಡಗಡೆ ಚಕ್ರ ಗಿರ್ರನೆ ಸುತ್ತಿ ಹೊಂಡ ತೋಡುತ್ತಿತ್ತು. ಬಲಗಡೆಯದು ಒಂದು ಸುತ್ತೂ ತಿರುಗಲಿಲ್ಲ. ಹಿಂದೆ ನಿಂತು ತಳ್ಳುತ್ತಿದ್ದ ಭದ್ರಾವತಿಯ ಬಿಳಿ ಅಂಗಿ ಕೆಂಪಾಯಿತು. ಒಂದು ಚಕ್ರ ಯಾಕೆ ಸುಮ್ಮನಿದೆ ಅಂತ ಕೇಳಿದರೆ, "ಡಿಫರೆನ್ಷಿಯಲ್ ಹಾಂಗೇ ಸ್ವಾಮಿ, ಜಾರುವ ಬದಿಗೇ ಓಡೂದು" ಅಂದ ಡ್ರೈವರ್. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೂ ಹಂಚುವ ಭಾಗ ಅದು. ಸೊಪ್ಪು ಕಡಿದು ಚಕ್ರದ ಅಡಿಗೆ ಹಾಕಿ ಎತ್ತಿದೆವು.

ಲೀಸಾ ಕೋರ್ಟಿನಲ್ಲಿ ಹೇಳುವುದೂ ಇದೇ. ಕೆಸರಿನಲ್ಲಿ ಸಿಕ್ಕಿಕೊಂಡವರಿಗೆಲ್ಲ ಗೊತ್ತು, ಒಂದೇ ಚಕ್ರ ಸುತ್ತುತ್ತದೆ ಅಂತ. ಆದರೆ ಫೋಟೋದಲ್ಲಿ ಎರಡೂ ಚಕ್ರ ಸಮಸಮ ಗೀಚಿವೆ. ಒಂದು ಕಡೆ ಚಕ್ರ ಕಟ್ಟೆ ಹತ್ತಿದರೂ ಗುರುತು ಕದಲಿಲ್ಲ. ಆ ಹುಡುಗರ 1964ರ ಬ್ಯೂಕ್ ಸ್ಕೈಲಾರ್ಕ್‌ಗೆ ಅದು ಆಗದ ಕೆಲಸ. ಎರಡೂ ಚಕ್ರವನ್ನು ಒಟ್ಟಿಗೆ ಸುತ್ತಿಸುವ ಡಿಫರೆನ್ಷಿಯಲ್ಲೂ, ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ನೂ ಇದ್ದ 1963ರ ಪಾಂಟಿಯಾಕ್ ಟೆಂಪೆಸ್ಟ್‌ಗೆ ಆಗುತ್ತದೆ. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಇತ್ತು. ಆದರೂ ಆ ಸೀನು ಎಲ್ಲರಿಗೂ ಒಂದೇ ಸಲಕ್ಕೆ ಅರ್ಥ ಆಯಿತಲ್ಲ, ಯಾಕೆ? ಉಗುರಿನ ಸಂದಿಯಲ್ಲಿ ಕುಂದಾದ್ರಿಯ ಮಣ್ಣು ಇನ್ನೂ ಇತ್ತು. ಶಿಕಾರಿಪುರ, ಹಳ್ಳಿಯವರು ಪೆದ್ದರು ಅಂತ ಎಲ್ಲಿ ಹೇಳಿದ್ದಾರೆ? ಆ ಮಾತು ಮೊದಲು ಅರ್ಥ ಆಗುವುದೇ ಹಳ್ಳಿಯವರಿಗೆ.

ಶಿಕಾರಿಪುರ: ಹ್ಮ್.

ಭದ್ರಾವತಿ: ಆ ಅಂಗಿಯ ಕಲೆ ಹೋಗಲೇ ಇಲ್ಲ.

ಹೊಸನಗರ: ಅವತ್ತೇ ರಾತ್ರಿ ಅಲ್ವಾ ತೀರ್ಥಹಳ್ಳಿ ಮನೆಯಲ್ಲಿ ಸಿನಿಮಾ ಹಾಕಿದ್ದು? ಶಿವಮೊಗ್ಗದಿಂದ ವಿಸಿಡಿ ಪ್ಲೇಯರನ್ನು ಟವೆಲ್‌ನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದೆ.

ತೀರ್ಥಹಳ್ಳಿ: ಅವತ್ತೇ. ಅಮ್ಮ ಕಡುಬು ಮಾಡಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾಗರ ಪಕ್ಕದಲ್ಲಿ ಕೂತು ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಸಾಗರ: ಆ ಗ್ರಿಟ್ಸ್ ಸೀನ್! ಗ್ರಿಟ್ಸ್ ಅಂದರೆ ಎಂತದು ಅಂತ ಕೇಳಿದರು. ಗೋವಿನಜೋಳದ ನುಚ್ಚಿನ ಗಂಜಿ ಅಂದೆ. ಕಟಕಟೆಯಲ್ಲಿರುವ ಈ ಸಾಕ್ಷಿ ಒಲೆ ಹಚ್ಚುವಾಗ ಹುಡುಗರು ಅಂಗಡಿಗೆ ಹೋದರಂತೆ, ತಟ್ಟೆಗೆ ಹಾಕಿಕೊಳ್ಳುವಾಗ ಗುಂಡಿನ ಸದ್ದು ಕೇಳಿತಂತೆ, ನಡುವೆ ಐದೇ ನಿಮಿಷ ಅಂತೆ ಅಂದೆ. ಅಮ್ಮ ಸೌಟು ಕೆಳಗಿಟ್ಟು, "ಐದು ನಿಮಿಷಕ್ಕೆ ನುಚ್ಚು ಬೇಯುತ್ತದನಾ? ಅವ ಗಡಿಯಾರ ನೋಡಲೇ ಇಲ್ಲ" ಅಂದರು. ವಿನ್ನಿ ಇನ್ನೂ ಪ್ರಶ್ನೆಯೇ ಕೇಳಿರಲಿಲ್ಲ!

ಹೊಸನಗರ: ಆಗಲೇ ಕರೆಂಟ್ ಹೋಯಿತು.

ಸಾಗರ: ಮರುದಿನವೂ ಬರಲಿಲ್ಲ. ಮುಂದಿನದನ್ನು ನಾವು ಶಿವಮೊಗ್ಗಕ್ಕೆ ವಾಪಸ್ ಬಂದು ಹಾಸ್ಟೆಲಿನಲ್ಲಿ ನೋಡಿದೆವು. ಇಪ್ಪತ್ತು ನಿಮಿಷ ಬೇಕು ಅಂತ ವಿನ್ನಿ ಹೇಳಿದಾಗ ಎಲ್ಲರೂ ಒಂದೇ ಸಲ "ಅಮ್ಮಾ!" ಅಂತ ಕೂಗಿದ್ದು. ವಾರ್ಡನ್ ಓಡಿ ಬಂದಿದ್ದರು.

ಭದ್ರಾವತಿ: ತೀರ್ಥಹಳ್ಳಿ, ಅಮ್ಮ ಮಲಗಿದರಾ? ನೆನಪಿದೆಯಾ ಕೇಳು.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ತೀರ್ಥಹಳ್ಳಿ: ಕೇಳಿದೆ. ಭದ್ರಾವತಿ ಹನ್ನೊಂದು ಕಡುಬು ತಿಂದಿದ್ದು ನೆನಪಿದೆಯಂತೆ.

ತೀರ್ಥಹಳ್ಳಿ: ಆಮೇಲೆ, "ಆ ಹುಡುಗರು ಬಿಡುಗಡೆ ಆದರಾ?" ಅಂತ ಕೇಳಿದರು. ನೀವೆಲ್ಲ ಹೋದ ಮೇಲೆ ಅವರಿಗೆ ಕೊನೆ ಯಾರೂ ಹೇಳಿಲ್ಲವಂತೆ.

ಸಾಗರ: ಅಯ್ಯೋ. ಹೇಳಿದೆಯಾ?

ತೀರ್ಥಹಳ್ಳಿ: ಇಲ್ಲ. ಬಾಯಿಗೆ ಬಂದಿತ್ತು.

ಸಾಗರ: ಹೇಳಬೇಡ! ಮುಂದಿನ ಭಾನುವಾರ ಲ್ಯಾಪ್‌ಟಾಪ್ ತರುತ್ತೇನೆ. ಮೊದಲಿಂದ ಹಾಕೋಣ.

ಶಿಕಾರಿಪುರ: ನಾನೂ ಬರುತ್ತೇನೆ. ಅಮ್ಮನ ಪಕ್ಕ ಕೂತು ಹೇಳುವುದು ಈ ಸಲ ನಾನು.

ಹೊಸನಗರ: ಯುಪಿಎಸ್ ಇದೆಯಾ?

ತೀರ್ಥಹಳ್ಳಿ: ಇದೆ. ಬ್ಯಾಟರಿ ಸತ್ತಿದೆ.